ಒಂದು ಜಾಗದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದರೆ ಸುತ್ತಲಿನ ಹವಳದ ದಿಬ್ಬಗಳಲ್ಲೂ ಮೀನು ಹೆಚ್ಚುವುದು ಹೇಗೆ?

ಕಾವಲಿರುವ ಜಾಗದಲ್ಲಿ ಮೀನುಗಳು ಚೆನ್ನಾಗಿ ಬಲಿಯುವವರೆಗೆ ಬದುಕುತ್ತವೆ, ಅವುಗಳ ಮರಿಗಳು ಗಡಿ ದಾಟಿ ಹೋಗುತ್ತವೆ. ಸುಮ್ನೆ ನಕ್ಷೆಯಲ್ಲಿ ಗೆರೆ ಎಳೆದರೆ ಸಾಲದು, ಕಾವಲು ನಿಜವಾಗಿ ಇರಬೇಕು.

ಮುಖ್ಯ ಕಾರಣ ಮೊಟ್ಟೆ. ಹೆಣ್ಣು ಮೀನಿನ ಉದ್ದ ಎರಡು ಪಟ್ಟಾದರೆ ಮೊಟ್ಟೆ ಎರಡು ಪಟ್ಟಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಬಲೆ, ಗಾಳ ಬೀಳುವ ಕಡೆ ಇಂಥ ದೊಡ್ಡ ಮೀನುಗಳೇ ಮೊದಲು ಹೋಗಿಬಿಡುತ್ತವೆ, ಅಲ್ವಾ? ಮೊಟ್ಟೆಯೊಡೆದ ಮರಿಗಳು ಎಷ್ಟೋ ದಿನ ನೀರಿನ ಸೆಳೆತದಲ್ಲಿ ತೇಲಿ, ಬೇರೆ ದಿಬ್ಬಗಳಲ್ಲೂ ನೆಲೆಸುತ್ತವೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಕೆಪೆಲ್ ದ್ವೀಪಗಳಲ್ಲಿ ವಿಜ್ಞಾನಿಗಳು ಎರಡು ಜಾತಿಯ ಮರಿಗಳ ತಂದೆತಾಯಿಯನ್ನು ಡಿಎನ್‌ಎ ನೋಡಿ ಪತ್ತೆಹಚ್ಚಿದರು. 2012ರಲ್ಲಿ ಬಂದ ಫಲಿತಾಂಶ ನಿಜಕ್ಕೂ ಖುಷಿ ಕೊಡುವಂಥದ್ದು: ಕಾವಲಿದ್ದದ್ದು ದಿಬ್ಬಗಳ 28% ಭಾಗಕ್ಕೆ ಮಾತ್ರ, ಆದರೆ 30 ಕಿ.ಮೀ. ಒಳಗೆ ನೆಲೆಸಿದ ಮರಿಗಳಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಬಂದಿದ್ದವು.