ಚರ್ಚಿನಲ್ಲಿ ಪ್ರಸಂಗ (ಉಪದೇಶ) ಚೆನ್ನಾಗಿ ಮಾಡುತ್ತೇನೆ. ಬ್ಯಾಂಕ್ ಕೆಲಸ ಬಿಟ್ಟು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕನಾಗಬಹುದೇ?

ನಿಮ್ಮ ಪ್ರಸಂಗ ಕೇಳಿದವರೆಲ್ಲ "ನೀವು ಅಯ್ಯನವರು (ಪಾದ್ರಿ) ಆಗಬೇಕಿತ್ತು" ಎನ್ನುತ್ತಾರೆಂದು ಬರೆದಿದ್ದೀರಿ. ನನಗೂ ಹಾಗೆಯೇ ಹೇಳುತ್ತಿದ್ದರು. ಅದನ್ನು ನಂಬಿ ನಾನೂ ಬ್ಯಾಂಕಿಗೆ ರಾಜೀನಾಮೆ ಕೊಟ್ಟು, ಬಿಷಪ್ಪರ ಆಡಳಿತಕ್ಕೊಳಪಟ್ಟ ಪ್ರಾಂತವಾದ ಡಯಾಸಿಸ್‌ನ ಶಿಫಾರಸು ಪಡೆದು ದೇವಶಾಸ್ತ್ರದ ಪದವಿಯಾದ ಬಿ.ಡಿ. ಓದಲು ಹೋದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಮೇಲೋ, ಮಂಗಳೂರಿನ ಬಲ್ಮಠದ ಕಾಲೇಜು ಮೇಲೋ ಎಂದು ಕೇಳಿದ್ದೀರಿ. ಎರಡರಲ್ಲಿ ಎಲ್ಲಿ ಓದಿದರೂ ನನ್ನ ಕಾಲು ಎಡವಿದ ಜಾಗದಲ್ಲಿ ಅದು ನಿಮ್ಮನ್ನು ಹಿಡಿದು ನಿಲ್ಲಿಸುವುದಿಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾಗಿ ಸಿ.ಎಸ್.ಐ. ಹುಟ್ಟಿದಾಗ, ಆಂಗ್ಲಿಕನ್ನರ ಬಿಷಪ್ ಪದ್ಧತಿಯೂ ಉಳಿಯಿತು, ಸಭೆಯ ಸದಸ್ಯರೇ ಆರಿಸಿದ ಸಮಿತಿಯೊಡನೆ ಆಡಳಿತ ನಡೆಸುವ ಪದ್ಧತಿಯೂ ಉಳಿಯಿತು. ಹೀಗಾಗಿ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಮೊದಲು ಡೀಕನ್ (ಕಿರಿಯ ಸೇವಕ), ಆಮೇಲೆ ಪ್ರೆಸ್ಬಿಟರ್ (ಪೂರ್ಣ ಸಭಾಪಾಲಕ) ಎಂದು ದೀಕ್ಷೆ ಕೊಟ್ಟ ಮನುಷ್ಯನೇ ಸಭೆಯ ಹಣ, ಆಸ್ತಿ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯ ಅಧ್ಯಕ್ಷನೂ ಆಗಿರುತ್ತಾನೆ. ಈ ಎರಡನೆಯ ಕುರ್ಚಿಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಾನು ಅಯ್ಯನವರಾಗಿದ್ದ ಸಭೆಯ (ಚರ್ಚಿನ) ಕಾಂಪೌಂಡಿಗೆ ಅಂಟಿಕೊಂಡು ಬಾಡಿಗೆ ಅಂಗಡಿಗಳಿದ್ದವು. ಒಂದು ಶನಿವಾರ ರಾತ್ರಿ ಕಮಿಟಿ ಮುಗಿದಾಗ ನಡಾವಳಿ ಪುಸ್ತಕ ಮುಂದೆ ಬಂತು. ಕೊನೆಯ ನಿರ್ಣಯಕ್ಕೂ ನನ್ನ ಸಹಿಯ ಜಾಗಕ್ಕೂ ನಡುವೆ ಮೂರು ಗೆರೆ ಖಾಲಿ ಇದ್ದವು. ಕಣ್ಣಿಗೆ ಬಿದ್ದಿತ್ತು. ಆದರೆ ಮನಸ್ಸೆಲ್ಲ ಮರುದಿನದ ಪ್ರಸಂಗದಲ್ಲಿತ್ತು, ಸಹಿ ಹಾಕಿಬಿಟ್ಟೆ. ಕೆಲವು ತಿಂಗಳ ನಂತರ ಅದೇ ಮೂರು ಗೆರೆಗಳಲ್ಲಿ, ಬೇರೆ ಶಾಯಿಯಲ್ಲಿ, ಒಂದು ಅಂಗಡಿಯನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟ ನಿರ್ಣಯ ಕಾಣಿಸಿಕೊಂಡಿತು. ಬ್ಯಾಂಕಿನಲ್ಲಿದ್ದಾಗ ಮೊತ್ತದ ಜಾಗ ಖಾಲಿ ಬಿಟ್ಟ ಓಚರನ್ನು ಎಂದೂ ಪಾಸು ಮಾಡದವನು, ಸಭೆಯ ಪುಸ್ತಕದಲ್ಲಿ ಅನುಮಾನಪಡುವುದೇ ಅವಿಶ್ವಾಸ ಎಂದುಕೊಂಡಿದ್ದೆ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದಿದ್ದರೆ, ಪುಟವನ್ನು ಗಟ್ಟಿಯಾಗಿ ಓದಿಸಿದ್ದರೆ, ಬೆಳಿಗ್ಗೆ ಸಹಿ ಹಾಕುತ್ತೇನೆಂದು ಪುಸ್ತಕವನ್ನು ಮನೆಗೆ ಒಯ್ದಿದ್ದರೂ ಸಾಕಿತ್ತು. ದುಡ್ಡು ತಿಂದವನು ಎಂಬ ಮಾತು ಬಂತು, ಸಭೆ ಎರಡು ಗುಂಪಾಯಿತು, ನನಗೆ ವರ್ಗವಾಯಿತು; ನ್ಯಾಯಾಲಯದ ಸಮನ್ಸು ಮಾತ್ರ ಹೊಸ ಊರಿಗೂ ಹಿಂದೆಯೇ ಬರುತ್ತಿತ್ತು. ನನ್ನ ಯಾವ ಪ್ರಸಂಗವೂ ಆಗ ಯಾರಿಗೂ ನೆನಪಿರಲಿಲ್ಲ.

ಆದ್ದರಿಂದ ಪ್ರಶ್ನೆಯನ್ನೇ ನೀವು ತಪ್ಪಾಗಿ ಕೇಳಿದ್ದೀರಿ ಎನ್ನುತ್ತೇನೆ. ಪ್ರಸಂಗ ಭಾನುವಾರದ ಅರ್ಧ ಗಂಟೆಯ ಕೆಲಸ. ಅದಕ್ಕೆ ಓದಬೇಕಾದ ಬೈಬಲಿನ ವಾಕ್ಯಭಾಗವನ್ನೂ ಸಭೆಯ ಪಂಚಾಂಗವೇ ಗೊತ್ತುಮಾಡಿರುತ್ತದೆ. ಉಳಿದ ವಾರವೆಲ್ಲ ಆಸ್ಪತ್ರೆ, ಸಮಾಧಿ, ಮನೆಭೇಟಿ, ಮದುವೆಯ ರಿಜಿಸ್ಟರು, ಜಗಳ ಬಿಡಿಸುವುದು. ವ್ಯರ್ಥವಾಯಿತೆಂದು ನೀವು ಕೊರಗುತ್ತಿರುವ ಬ್ಯಾಂಕಿನ ವರ್ಷಗಳೇ ನಿಮ್ಮ ಕಂಠಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಈಗಲೇ ರಾಜೀನಾಮೆ ಕೊಡಬೇಡಿ. ನಿಮ್ಮ ಸಭೆಯ ಕಮಿಟಿ ಚುನಾವಣೆಗೆ ನಿಂತು, ಸಾಧ್ಯವಾದರೆ ಖಜಾಂಚಿಯಾಗಿ ಒಂದು ಅವಧಿ ಪೂರೈಸಿ. ಆಮೇಲೂ ಮನಸ್ಸಿದ್ದರೆ ನಿಮ್ಮ ಅಯ್ಯನವರ ಬಳಿ ಶಿಫಾರಸು ಪತ್ರ ಕೇಳಿ.