ಮುಚ್ಚಳವಿಲ್ಲದ ನೀರು

ಕಾಸರಗೋಡಿನವರು ಸರ್ಕಾರಿ ಸಮಿತಿ ಎಂದರೆ ಏಕೆ ನಗುತ್ತೀರಿ ಎಂದು ಕೇಳಿದ್ದೀರಿ. ಕನ್ನಡ–ಮಲಯಾಳದ ಮುನಿಸು ಎಂದುಕೊಂಡಿರಬೇಕು. ಆ ಮುನಿಸೂ ಉಂಟು. ಈ ನಗು ಮಾತ್ರ ಗೇರುತೋಟದಲ್ಲಿ ಹುಟ್ಟಿದ್ದು.

ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆ ಗುಡ್ಡದ ಮೇಲೆ ಸರ್ಕಾರಿ ಗೇರುತೋಟ, ಕೆಳಗೆ ಮನೆ, ಅಡಿಕೆ ತೋಟ, ತೋಡು. ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದು ಹೋಗುತ್ತಿತ್ತು. ಸಿಂಪಡಣೆಗೆ ಮುಂಚೆ ಜಲಮೂಲಗಳನ್ನು ಮುಚ್ಚಬೇಕೆಂಬ ನಿಯಮವಿತ್ತು. ನಮ್ಮಲ್ಲಿ ಕುಡಿಯುವ ನೀರು ಬರುವುದು ಸುರಂಗದಿಂದ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಿಲ ಅದು. ಒಸರುವ ನೀರು ತೆರೆದ ಕಾಲುವೆಯಲ್ಲಿ ಅಂಗಳದ ಕೊಳಕ್ಕೆ ಬರುತ್ತದೆ. ಯಾವುದಕ್ಕೆ ಮುಚ್ಚಳ ಹಾಕುವುದು? ಆದರೆ ಇಂಥ ನಿಯಮ ಬರೆದಿಟ್ಟುಕೊಂಡವನಿಗೆ ಒಂದು ಅನುಕೂಲವಿದೆ: ನಾಳೆ ಏನಾದರೂ ಆದರೆ ತಪ್ಪು ಮುಚ್ಚದವನದು.

ಕಾಲು ತಿರುಚಿಕೊಂಡು ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲೇ ಬರೆದಿದ್ದರು. ಬಳಿಕ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳನ್ನು, ಅಂಗವೈಕಲ್ಯ, ಬುದ್ಧಿಮಾಂದ್ಯದ ಮಕ್ಕಳನ್ನು ನೋಡಿ ಈ ವಿಷದ ಮೇಲೇ ಸಂಶಯಪಟ್ಟರು. ಆಗ ಶುರುವಾಯಿತು ಸಮಿತಿಗಳ ಮೆರವಣಿಗೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಮಕ್ಕಳ ರಕ್ತ ಪರೀಕ್ಷಿಸಿ, ವಿಷದತ್ತಲೇ ಬೊಟ್ಟು ಮಾಡಿತು. ಅದು ಹಿಡಿಸಲಿಲ್ಲವೇನೋ, 2003ರಲ್ಲಿ ಕೇಂದ್ರ ಸರ್ಕಾರದ ದುಬೆ ಸಮಿತಿ ರೋಗಕ್ಕೂ ಎಂಡೋಸಲ್ಫಾನಿಗೂ ನಂಟು ಕಾಣುವುದಿಲ್ಲ ಎಂದಿತು. ವಿಷದ ಪರವಾಗಿ ವಾದಿಸುವವರಂತೂ ನಮ್ಮ ಮನೆಯೊಳಗೇ ಕಾರಣ ಹುಡುಕಿದರು: ರಕ್ತಸಂಬಂಧದಲ್ಲಿ ಮದುವೆಯಾಗುತ್ತೀರಲ್ಲ! ವಿಷದ ಲೆಕ್ಕ ಕೇಳಲು ಹೋದವನು ತನ್ನ ವಂಶಾವಳಿ ಹೇಳಿ ಬರಬೇಕು.

ಗಡಿಯಾಚೆ ಇದ್ದಿದ್ದರೆ ಬಚಾವಾಗುತ್ತಿದ್ದೆವು ಎಂದು ಮಾತ್ರ ಹೇಳಬೇಡಿ. ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲೂ ಸರ್ಕಾರಿ ಗೇರುತೋಟವಿತ್ತು, ಅಲ್ಲೂ ಇದೇ ವಿಷ, ಇಂಥವೇ ಮಕ್ಕಳು.

2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಅಲ್ಲಿಗೆ ವಾದ ಮುಗಿಯಿತಲ್ಲ, ಇನ್ನು ನಂಟಿಲ್ಲ ಎನ್ನುವಂತಿಲ್ಲ. ಹಾಗಾಗಿ ಸುಮ್ಮನಿದ್ದರು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ತೆಗೆದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಜನಕ್ಕೆ. ಆ ಎಂಟು ಮಂದಿ ಯಾರೆಂದರೆ, ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ಮತ್ತೆ ದೆಹಲಿಗೆ ಹೋದವರು.