‘ಸಮ್ಮರ್ 1993’ ಸಿನಿಮಾದ ಕೊನೆಯಲ್ಲಿ ಫ್ರೀಡಾ ಯಾಕೆ ಅಳುತ್ತಾಳೆ?

ನಿಮ್ಮ ಪ್ರಶ್ನೆ ಇದು: ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಆರು ವರ್ಷದ ಹುಡುಗಿ ಹಳ್ಳಿಗೆ ಬರುತ್ತಾಳೆ, ಬೇಸಿಗೆಯೆಲ್ಲ ಆಡಿಕೊಂಡಿರುತ್ತಾಳೆ, ಕೊನೆಗೆ ಹಾಸಿಗೆ ಮೇಲೆ ಕುಣಿಯುತ್ತಿದ್ದವಳು ಇದ್ದಕ್ಕಿದ್ದಂತೆ ಅಳುತ್ತಾಳೆ. ಸಿನಿಮಾ ಮುಗಿಯಿತು. ಕಥೆ ಎಲ್ಲಿದೆ, ಆ ಅಳು ಯಾಕೆ?

ಶುರುವಿನ ದೃಶ್ಯವನ್ನು ಇನ್ನೊಂದು ಸಲ ನೋಡಿ. ಬಾರ್ಸಿಲೋನಾದಲ್ಲಿ ರಾತ್ರಿ, ಆಕಾಶದ ತುಂಬ ಪಟಾಕಿ. ಫ್ರೀಡಾಳ ಅಮ್ಮ ತೀರಿಕೊಂಡು ಹೆಚ್ಚು ದಿನ ಆಗಿಲ್ಲ. ಒಬ್ಬ ಹುಡುಗ ಅವಳನ್ನು ಕೇಳುತ್ತಾನೆ, ನೀನ್ಯಾಕೆ ಅಳ್ತಿಲ್ಲ ಅಂತ. ಮಕ್ಕಳು ಹೀಗೇ ಕೇಳಿಬಿಡುತ್ತಾರೆ, ಅಲ್ವಾ? ಅವಳ ಹತ್ತಿರ ಉತ್ತರ ಇಲ್ಲ. ನನ್ನ ಪ್ರಕಾರ ಮುಂದಿನ ಒಂದೂವರೆ ಗಂಟೆ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತದೆ.

ಹಳ್ಳಿಯಲ್ಲಿ ಅವಳು ಸೇರುವ ಮನೆಯಲ್ಲಿ ಇರುವವರು ಸೋದರಮಾವ ಎಸ್ತೇವೆ, ಅವನ ಹೆಂಡತಿ ಮಾರ್ಗಾ, ಅವರ ಪುಟ್ಟ ಮಗಳು ಆನಾ. ಒಳ್ಳೆಯ ಜನ. ಆದರೆ ಫ್ರೀಡಾಗೆ ಅದು ಇನ್ನೂ ಬೇರೆಯವರ ಮನೆ. ಹಾಗಾಗಿ ಅವಳು ಸುಮ್ನೆ ಆಡುತ್ತಿಲ್ಲ, ಆ ಮನೆಯನ್ನು ಪರೀಕ್ಷೆ ಮಾಡುತ್ತಿದ್ದಾಳೆ. ತನ್ನ ಗೊಂಬೆಗಳನ್ನೆಲ್ಲ ಆನಾಗೆ ತೋರಿಸಿ, ನನ್ನ ಮೇಲೆ ಎಲ್ಲರಿಗೂ ತುಂಬಾ ಪ್ರೀತಿ, ಅದಕ್ಕೇ ಇಷ್ಟೆಲ್ಲ ಕೊಟ್ಟಿದ್ದಾರೆ, ನೀನು ಮುಟ್ಟಬೇಡ ಅನ್ನುತ್ತಾಳಲ್ಲ, ಅದನ್ನು ಜಂಬ ಅಂತ ನೋಡಿದರೆ ಜಂಬ. ನನಗೆ ಮಾತ್ರ ಅವಳು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಾಳೆ ಅನಿಸಿತು. ಮುಖಕ್ಕೆ ಬಣ್ಣ ಬಳಿದುಕೊಂಡು, ಕುರ್ಚಿಯಲ್ಲಿ ಒರಗಿ, ಸುಸ್ತಾದ ಅಮ್ಮನಂತೆ ನಟಿಸುತ್ತಾಳಲ್ಲ, ಆ ಆಟದಲ್ಲಿ ಅವಳು ಕಂಡ ಅಮ್ಮ ಇದ್ದಾಳೆ. ಸತ್ತವಳ ಬಗ್ಗೆ ಒಂದೇ ಒಂದು ಫ್ಲ್ಯಾಶ್‌ಬ್ಯಾಕ್ ಇಲ್ಲದೆ, ಆಕೆ ಮಗಳ ಜೊತೆ ಹೇಗಿದ್ದಳು ಅನ್ನುವುದು ನಮಗೆ ಗೊತ್ತಾಗಿಬಿಡುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದೇ.

ಆನಾಳನ್ನು ಕಾಡಿನಲ್ಲಿ ಬಿಟ್ಟು ಬರುವುದು ಕೂಡ ಇದೇ ಪರೀಕ್ಷೆಯ ಭಾಗ. ಅದರಲ್ಲಿ ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನಲಾರೆ. ಆ ಚಿಕ್ಕ ಹುಡುಗಿಯ ಕೈ ಮುರಿದಾಗ ನನಗೂ ಫ್ರೀಡಾ ಮೇಲೆ ಸಿಟ್ಟು ಬಂತು. ನಿರ್ದೇಶಕಿ ಅವಳನ್ನು ಪಾಪದ ಅನಾಥ ಮಗು ಮಾಡಲಿಲ್ಲ, ಅದು ದೊಡ್ಡ ವಿಷಯ. ಆಮೇಲೆ ಒಂದು ರಾತ್ರಿ ಅವಳು ಚೀಲ ತೆಗೆದುಕೊಂಡು ಮನೆ ಬಿಟ್ಟು ಹೊರಡುತ್ತಾಳೆ. ಇಲ್ಲಿ ನನ್ನನ್ನು ಯಾರೂ ಪ್ರೀತಿಸಲ್ಲ ಅನ್ನುವುದು ಅವಳ ದೂರು. ಸ್ವಲ್ಪ ದೂರ ಹೋಗಿ, ತುಂಬಾ ಕತ್ತಲಿದೆ, ನಾಳೆ ಹೋಗ್ತೀನಿ ಅಂತ ವಾಪಸ್ ಬರುತ್ತಾಳೆ. ನಗು ಬರುವ ದೃಶ್ಯವೇ. ಆದರೆ ಕತ್ತಲಾದಾಗ ವಾಪಸ್ ಬರಲು ಒಂದು ಮನೆ ಇದೆ ಅಂತ ಅವಳಿಗೆ ಆಗಲೇ ಗೊತ್ತಾಗಿದೆ.

ನೀವು ಗಮನಿಸದೆ ಇರಬಹುದಾದ ಇನ್ನೊಂದು ಎಳೆ: ಅಪ್ಪ ಅಮ್ಮ ಸತ್ತದ್ದು ಏಡ್ಸ್‌ನಿಂದ. ಸಿನಿಮಾ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆಂದರೆ ಮಗುವಿಗೂ ಯಾರೂ ಹೇಳಿಲ್ಲ. ಅವಳ ರಕ್ತಪರೀಕ್ಷೆ ಆಗುತ್ತದೆ. ಆಟವಾಡುವಾಗ ಬಿದ್ದು ಮಂಡಿಯಿಂದ ರಕ್ತ ಬಂದಾಗ ಇನ್ನೊಂದು ಮಗುವಿನ ತಾಯಿ ಗಾಬರಿಬೀಳುತ್ತಾಳೆ. ಆ ಗಾಬರಿ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಲ ಗೊತ್ತಿರಬೇಕು. ಹೆರಾಯಿನ್ ಚುಚ್ಚಿಕೊಳ್ಳುವ ಸೂಜಿಗಳಿಂದಾಗಿ 1990ರ ದಶಕದಲ್ಲಿ ಪಶ್ಚಿಮ ಯುರೋಪಿನಲ್ಲೇ ಅತಿ ಹೆಚ್ಚು ಏಡ್ಸ್ ಕಂಡ ದೇಶಗಳಲ್ಲಿ ಸ್ಪೇನ್ ಒಂದು. ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟು ರೋಗವನ್ನು ಹಿಡಿತದಲ್ಲಿಡುವ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ. ಅಂದರೆ 1993ರಲ್ಲಿ ಸೋಂಕು ತಗುಲಿತು ಅಂದರೆ ಹೆಚ್ಚುಕಡಿಮೆ ಸಾವೇ ಅನ್ನುವ ಭಯ. ತಾಯಿಯಿಂದ ಮಗುವಿಗೂ ಅದು ಬರಬಹುದಿತ್ತು. ದೊಡ್ಡವರ ಪಿಸುಮಾತು, ಅವಳತ್ತ ಅವರು ನೋಡುವ ನೋಟ, ಎಲ್ಲದರ ಹಿಂದೆ ಇದಿದೆ. ಫ್ರೀಡಾಗೆ ಕಾಣುವುದು ನೋಟ ಮಾತ್ರ, ಕಾರಣ ಅಲ್ಲ.

ಇದು ನಿರ್ದೇಶಕಿ ಕಾರ್ಲಾ ಸಿಮೋನ್ ಅವರ ಸ್ವಂತ ಬಾಲ್ಯ. ಅವರ ತಂದೆ ತಾಯಿಯೂ ಏಡ್ಸ್‌ನಿಂದಲೇ ಹೋದವರು, ಅವರೂ ಬಾರ್ಸಿಲೋನಾ ಬಿಟ್ಟು ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಹಳ್ಳಿಯಲ್ಲಿ ಸೋದರಮಾವನ ಮನೆ ಸೇರಿದವರು. 2017ರ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುತ್ತಮ ಮೊದಲ ಚಿತ್ರ ಪ್ರಶಸ್ತಿ ಬಂತು.

ಈಗ ಆ ಅಳು. ಸ್ವಲ್ಪ ಮುಂಚೆ, ಶಾಲೆ ಶುರುವಾಗುವ ಹೊತ್ತಲ್ಲಿ, ಫ್ರೀಡಾ ಮೊದಲ ಸಲ ಮಾರ್ಗಾಳನ್ನು ನೇರವಾಗಿ ಕೇಳುತ್ತಾಳೆ: ಅಮ್ಮ ಹೇಗೆ ಸತ್ತಳು? ಮಾರ್ಗಾ ಸುತ್ತಿ ಬಳಸದೆ, ಮಗುವಿಗೆ ಅರ್ಥವಾಗುವಷ್ಟು ಹೇಳುತ್ತಾಳೆ. ನೀನೂ ಸಾಯ್ತೀಯಾ ಅಂತಲೂ ಈ ಹುಡುಗಿ ಕೇಳುತ್ತಾಳೆ. ಆ ಮಾತುಕತೆಯಲ್ಲಿ ಪರೀಕ್ಷೆ ಮುಗಿಯಿತು. ಮಾರ್ಗಾ ಸುಳ್ಳು ಹೇಳಲ್ಲ, ಎಲ್ಲೂ ಹೋಗಲ್ಲ. ಆಮೇಲೆ ಹಾಸಿಗೆ ಮೇಲೆ ಕುಣಿತ, ನಗು, ಆ ನಗುವಿನ ನಡುವೆಯೇ ಅಳು. ಯಾಕೆ ಅಳ್ತೀಯಾ ಅಂದರೆ ಅವಳಿಗೇ ಗೊತ್ತಿಲ್ಲ. ದುಃಖ ಹೊಸದಲ್ಲ, ಅತ್ತರೆ ಹಿಡಿದುಕೊಳ್ಳುವವರು ಇದ್ದಾರೆ ಅನ್ನುವ ನಂಬಿಕೆ ಹೊಸದು. ನೆಂಟರ ಮನೆಯಲ್ಲಿ ಮಕ್ಕಳು ಹಾಗೆ ಬಿಕ್ಕಿ ಬಿಕ್ಕಿ ಅಳುವುದಿಲ್ಲ.

ಒಂದು ಆಕ್ಷೇಪ ನನಗೂ ಇದೆ. ಅಜ್ಜಿ ತಾತನ ಕಡೆಯನ್ನು ಇನ್ನಷ್ಟು ತೋರಿಸಬಹುದಿತ್ತು. ಮಗಳನ್ನು ಕಳೆದುಕೊಂಡವರು ಅವರು, ಆದರೆ ಇಲ್ಲಿ ಜಾಸ್ತಿ ಕಾಣುವುದು ಅವರ ಮುದ್ದು ಮತ್ತು ಪ್ರಾರ್ಥನೆ ಅಷ್ಟೇ.

ಇನ್ನೂ ಕಥೆ ಬೇಕು ಅನಿಸಿದರೆ ಇದೇ ನಿರ್ದೇಶಕಿಯ ‘ಅಲ್ಕರಾಸ್’ ನೋಡಿ. 2022ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿಯಾದ ಗೋಲ್ಡನ್ ಬೇರ್ ಗೆದ್ದ ಚಿತ್ರ. ಅದೂ ಹಳ್ಳಿಯ ಬೇಸಿಗೆಯೇ. ಪೀಚ್ ತೋಟ ನಂಬಿ ಬದುಕಿದ ಕುಟುಂಬ, ಅದೇ ಜಾಗದಲ್ಲಿ ಸೋಲಾರ್ ಪ್ಯಾನೆಲ್ ಹಾಕಲು ಹೊರಟ ಜಮೀನಿನ ಒಡೆಯ. ಜಗಳ ಏನು ಅನ್ನುವುದು ಅಲ್ಲಿ ಬೇಗ ಗೊತ್ತಾಗುತ್ತದೆ, ನಿಮಗೆ ಅದು ಹಿಡಿಸಬಹುದು.